20 ಸಾವಿರದೊಳಗೆ ಒಳ್ಳೆ ಎಲೆಕ್ಟ್ರಿಕ್ ಗಿಟಾರ್: ಬೆಂಗಳೂರಿನಲ್ಲಿ ಹುಡುಕುವ ಬಗೆ

ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೆಂಪು ಬಣ್ಣದ್ದು. ಅದನ್ನು ಕೊಂಡಿದ್ದಕ್ಕೆ ಇದ್ದ ಕಾರಣವೂ ಅಷ್ಟೇ, ಕೆಂಪು ಬಣ್ಣ. 6,500 ರೂಪಾಯಿ, ಬ್ಯಾಗ್ ಫ್ರೀ. ಎಂಟು ತಿಂಗಳು ಎಫ್ ಕಾರ್ಡ್ (ಹಲವು ತಂತಿ ಒಟ್ಟಿಗೆ ಒತ್ತಿ ನುಡಿಸುವ ಸ್ವರಗುಚ್ಛ) ಹಿಡಿಯಲು ಒದ್ದಾಡಿದೆ. ಬೆರಳ ತುದಿ ಕೆಂಪಾಯಿತೇ ಹೊರತು ನಾದ ಬರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನಮಗೆಲ್ಲ ಗೊತ್ತಲ್ವಾ, ಹಾಗಾಗಿ ತಪ್ಪು ನನ್ನದೇ ಅಂದುಕೊಂಡು ಸುಮ್ಮನಿದ್ದೆ. ಒಂದು ದಿನ ಗೆಳೆಯನೊಬ್ಬ ಮನೆಗೆ ಬಂದವನು ಅದನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ನೆಕ್ (ಎಡಗೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಉದ್ದಕ್ಕೂ ನೋಡಿ, "ಗುರು, ಇದು ಬಾಳೆಕಾಯಿ ಥರ ಬಗ್ಗಿದೆ" ಅಂದ.

ನೆಲ ನಿಜವಾಗಲೂ ಡೊಂಕಿತ್ತು.

ಅವತ್ತಿನಿಂದ ನನಗಾಗಿಯೂ ಗೆಳೆಯರಿಗಾಗಿಯೂ ಸಾಕಷ್ಟು ಗಿಟಾರ್ ನೋಡಿದ್ದೇನೆ. ಕಡಿಮೆ ದುಡ್ಡಿನಲ್ಲಿ ಕೊಳ್ಳುವವರಿಗೆ ನಾನು ಹೇಳುವುದು ಇಷ್ಟು: ನೆಕ್ ಮತ್ತು ಅದರ ಮೇಲೆ ಅಡ್ಡಕ್ಕೆ ಕೂತಿರುವ ಲೋಹದ ಫ್ರೆಟ್ ನೋಡಿ ಕೊಳ್ಳಿ. ಪಿಕಪ್ (ತಂತಿಯ ಕಂಪನವನ್ನು ಕರೆಂಟಾಗಿ ಹಿಡಿಯುವ ಭಾಗ), ಸ್ವಿಚ್, ಬಿರಡೆ, ತಂತಿ, ಎಲ್ಲವನ್ನೂ ಆಮೇಲೆ ನಿಧಾನವಾಗಿ ಬದಲಾಯಿಸಬಹುದು. ಕೆಟ್ಟ ನೆಕ್ ಬದಲಾಯಿಸುವ ಖರ್ಚಿನಲ್ಲಿ ಇನ್ನೊಂದು ಗಿಟಾರೇ ಬಂದುಬಿಡುತ್ತದೆ.

1. ದುಡ್ಡನ್ನು ಮೊದಲೇ ಭಾಗ ಮಾಡಿ

ಕೈಯಲ್ಲಿ 20,000 ಇದ್ದರೆ 20,000ದ ಗಿಟಾರ್ ಕೊಳ್ಳಬೇಡಿ. ಎಲೆಕ್ಟ್ರಿಕ್ ಗಿಟಾರ್ ಒಂದೇ ಬಂದರೆ ಅದು ಅರ್ಧ ವಾದ್ಯ. ಸದ್ದು ದೊಡ್ಡದು ಮಾಡುವ ಆಂಪ್ ಬೇಕು, ಕೇಬಲ್ ಬೇಕು, ಒಂದು ಸೆಟ್ ಹೊಸ ತಂತಿ ಬೇಕು, ಕೊಂಡ ಮೇಲೆ ಒಮ್ಮೆ ಸೆಟಪ್, ಅಂದರೆ ನೆಕ್ಕಿನ ಬಾಗು, ತಂತಿಯ ಎತ್ತರ ಎಲ್ಲ ಹೊಂದಿಸುವ ಕೆಲಸ, ಮಾಡಿಸಬೇಕು. ನನ್ನ ಲೆಕ್ಕ ಹೀಗೆ: ಗಿಟಾರ್‌ಗೆ 14,000, ಆಂಪ್‌ಗೆ 3,500, ಸೆಟಪ್ ಮತ್ತು ತಂತಿಗೆ 1,500, ಕೇಬಲ್, ಸ್ಟ್ರಾಪ್, ಪಿಕ್ ಇತ್ಯಾದಿಗೆ 1,000. ಅಲ್ಲಿ ಇಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಆದರೆ ಸೆಟಪ್ ದುಡ್ಡಿಗೆ ಮಾತ್ರ ಕೈ ಹಾಕಬೇಡಿ. ಸರಿಯಾಗಿ ಸೆಟಪ್ ಆದ 12,000ದ ಗಿಟಾರ್, ಸೆಟಪ್ ಇಲ್ಲದ 25,000ದ್ದಕ್ಕಿಂತ ಕೈಗೆ ಹಿತವಾಗಿರುತ್ತದೆ.

ಆಂಪ್ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಬೆಂಗಳೂರಿನಲ್ಲಿ ಪಿಜಿಯಲ್ಲೋ ಬಾಡಿಗೆ ಮನೆಯಲ್ಲೋ ಇದ್ದೀರಿ, ಕೆಳಗಡೆ ಓನರ್ ಆಂಟಿ ಇದ್ದಾರೆ ಅಂದುಕೊಳ್ಳಿ. 10 ವ್ಯಾಟ್ ಧಾರಾಳವಾಯಿತು. ಹೆಡ್‌ಫೋನ್ ಜ್ಯಾಕ್ ಇರುವುದನ್ನೇ ನೋಡಿ. ಗಿಟಾರ್‌ಗೇ ಸಿಕ್ಕಿಸಿಕೊಳ್ಳುವ ಬೆಂಕಿಪೊಟ್ಟಣದಂಥ ಪುಟ್ಟ ಹೆಡ್‌ಫೋನ್ ಆಂಪ್‌ಗಳೂ ಇವೆ, ವಾಕ್ಸ್ ಕಂಪನಿಯ ಆಂಪ್‌ಪ್ಲಗ್ ಥರದವು. ಸೆಕೆಂಡ್ ಹ್ಯಾಂಡ್ ಗಿಟಾರ್ ನೋಡಲು ಹೋಗುವಾಗ ಜೇಬಿನಲ್ಲಿ ಹಾಕಿಕೊಂಡು ಹೋಗಬಹುದು. ನನಗೆ ಅತಿ ಹೆಚ್ಚು ದುಡ್ಡು ಉಳಿಸಿದ ವಸ್ತು ಅದೇ.

2. ಎಂಥದ್ದು ಬೇಕು ಅಂತ ನಿರ್ಧರಿಸಿ

ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಮೂಲ ಮಾದರಿಗಳು ಕೆಲವೇ. ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್ ಬಂದದ್ದು 1954ರಲ್ಲಿ, ಗಿಬ್ಸನ್‌ನ ಲೆಸ್ ಪಾಲ್ 1952ರಲ್ಲಿ. ಇವತ್ತು ಅಂಗಡಿಯಲ್ಲಿ ನೇತು ಹಾಕಿರುವ ಗಿಟಾರ್‌ಗಳಲ್ಲಿ ಜಾಸ್ತಿ ಇವೆರಡರ ಮಕ್ಕಳು ಮೊಮ್ಮಕ್ಕಳೇ. ಕೊಳ್ಳುವವರಿಗೆ ಮುಖ್ಯವಾದ ವ್ಯತ್ಯಾಸ ಎರಡು.

ಒಂದು, ತಂತಿಯ ಉದ್ದ. ಬಿರಡೆಗಳಿರುವ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ ನಟ್, ಇನ್ನೊಂದು ತುದಿಯಲ್ಲಿ ಬಾಡಿಯ ಮೇಲೆ ತಂತಿ ಕೂರುವುದು ಬ್ರಿಡ್ಜ್. ಫೆಂಡರ್ ಬಗೆಯದರಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ 25.5 ಇಂಚು, ಗಿಬ್ಸನ್ ಬಗೆಯದರಲ್ಲಿ 24.75 ಇಂಚು. ಮುಕ್ಕಾಲು ಇಂಚು ಏನು ಮಹಾ ಅನ್ನಿಸಬಹುದು. ಆದರೆ ಚಿಕ್ಕದರಲ್ಲಿ ಅದೇ ತಂತಿ ಸ್ವಲ್ಪ ಸಡಿಲವಾಗಿ ಕೂರುತ್ತದೆ, ಎಳೆಯಲು ಸಲೀಸು.

ಎರಡು, ಪಿಕಪ್. ಸಿಂಗಲ್ ಕಾಯಿಲ್ ಪಿಕಪ್‌ನ ಸದ್ದು ತಿಳಿಯಾಗಿ, ಗಂಟೆ ಹೊಡೆದ ಹಾಗೆ ಇರುತ್ತದೆ. ಆದರೆ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಹಂಬಕರ್‌ನಲ್ಲಿ ಎರಡು ಸುರುಳಿಗಳು ಒಂದಕ್ಕೊಂದು ತಿರುಗುಮುರುಗಾಗಿ ಇರುವುದರಿಂದ ಆ ಗುಂಯ್ ಅಲ್ಲೇ ವಜಾ ಆಗುತ್ತದೆ. ಸದ್ದು ದಪ್ಪ, ಒರಟು ರಾಕ್ ಸದ್ದಿನ ಡಿಸ್ಟಾರ್ಶನ್‌ಗೆ ಹೇಳಿ ಮಾಡಿಸಿದ್ದು. ಒಂದೇ ಗಿಟಾರ್ ಕೊಳ್ಳುವವರಿಗೆ ನಾನು ಹೇಳುವುದು ಎಚ್‌ಎಸ್‌ಎಸ್. ಅಂದರೆ ಬ್ರಿಡ್ಜ್ ಹತ್ತಿರ ಒಂದು ಹಂಬಕರ್, ಉಳಿದೆರಡು ಸಿಂಗಲ್. ಭಾವಗೀತೆಗೆ ಮೆತ್ತಗೆ ಕಾರ್ಡ್ ಹಿಡಿಯುವುದೂ ಆಯಿತು, ಕಾಲೇಜ್ ಫೆಸ್ಟ್‌ನಲ್ಲಿ ಕಿರುಚಿಸುವುದೂ ಆಯಿತು.

ಬೇಡವೇ ಬೇಡ ಅನ್ನುವುದು ಒಂದಿದೆ. ಅಗ್ಗದ ಗಿಟಾರ್‌ನಲ್ಲಿ ಲಾಕ್ ಆಗುವ ಫ್ಲಾಯ್ಡ್ ರೋಸ್ ಬಗೆಯ ಟ್ರೆಮೊಲೊ (ತಂತಿಗಳನ್ನು ಒಟ್ಟಿಗೆ ಸಡಿಲಿಸಿ ಬಿಗಿಯುವ ಕೋಲಿರುವ ಬ್ರಿಡ್ಜ್). ನೋಡಲು ಜೋರಾಗಿರುತ್ತದೆ. ಒಂದು ತಂತಿ ಹರಿದರೆ ಉಳಿದ ಐದರ ಶ್ರುತಿಯೂ ಹೋಗುತ್ತದೆ. ಅಗ್ಗದ ಲೋಹವಾದರೆ ಅಂಚು ಬೇಗ ಸವೆದು, ಆಮೇಲೆ ಶ್ರುತಿಯಲ್ಲಿ ನಿಲ್ಲುವುದೇ ಇಲ್ಲ.

3. ಹೆಸರು ಮತ್ತು ಮರದ ಬಗ್ಗೆ

ಈ ಬೆಲೆಗೆ ನೋಡಬಹುದಾದವು: ಯಮಹಾ ಪೆಸಿಫಿಕಾ 012, ಐಬನೇಜ್ ಜಿಯೊ ಸಾಲಿನವು, ಫೆಂಡರ್‌ನ ತಂಗಿ ಬ್ರ್ಯಾಂಡ್ ಸ್ಕ್ವೈಯರ್‌ನ ಸೋನಿಕ್ ಅಥವಾ ಅದಕ್ಕೂ ಹಿಂದಿನ ಬುಲೆಟ್, ಕೋರ್ಟ್ ಕಂಪನಿಯ ಜಿ ಮತ್ತು ಎಕ್ಸ್ ಸಾಲು. ಇವುಗಳಲ್ಲಿ ಕೆಲವು ಹೊಸದಾಗಿ 14,000 ದಾಟುತ್ತವೆ. ಆಗ ಹಳೆಯದನ್ನು ಹುಡುಕಬೇಕು. ಕೊರಿಯಾ ಮೂಲದ ಕೋರ್ಟ್‌ನ ಇಂಡೊನೇಷ್ಯಾ ಕಾರ್ಖಾನೆ ತನ್ನ ಹೆಸರಿನವನ್ನು ಮಾತ್ರವಲ್ಲ, ಬೇರೆ ದೊಡ್ಡ ಹೆಸರಿನವರಿಗೂ ಗಿಟಾರ್ ಮಾಡಿಕೊಡುತ್ತದೆ. ತಲೆಯ ಮೇಲಿನ ಸ್ಟಿಕ್ಕರ್‌ಗೆ ಎಷ್ಟು ಕೊಡುತ್ತಿದ್ದೇವೆ ಅಂತ ಒಮ್ಮೆ ಕೇಳಿಕೊಳ್ಳಿ.

ಮರದ ಬಗ್ಗೆ ಅಂಗಡಿಯವರು ತುಂಬಾ ಮಾತಾಡುತ್ತಾರೆ. ಎಲೆಕ್ಟ್ರಿಕ್‌ನಲ್ಲಿ ಸದ್ದು ಪಿಕಪ್, ಆಂಪ್ ಮತ್ತು ಸ್ಪೀಕರ್‌ನಿಂದ ಬರುವಷ್ಟು ಬಾಡಿಯ ಮರದಿಂದ ಬರುವುದಿಲ್ಲ ಅನ್ನುವುದು ನನ್ನ ಕಿವಿಯ ತೀರ್ಪು. ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಹುಡುಗನಾಗಿದ್ದಾಗ ಅಪ್ಪನ ಜೊತೆ ಸೇರಿ ಮಾಡಿಕೊಂಡ ಗಿಟಾರ್‌ನ ನೆಕ್ಕಿಗೆ ಬಳಸಿದ್ದು ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಟ್ರೆಮೊಲೊಗೆ ಮೋಟಾರ್‌ಸೈಕಲ್‌ನ ವಾಲ್ವ್ ಸ್ಪ್ರಿಂಗು. ಅದನ್ನೇ ಇವತ್ತಿಗೂ ನುಡಿಸುತ್ತಾರೆ.

ಆದರೂ ಫ್ರೆಟ್‌ಗಳು ಕೂತಿರುವ ಹಲಗೆ, ಅಂದರೆ ಫ್ರೆಟ್‌ಬೋರ್ಡ್‌ನ ಒಂದು ವಿಷಯ ಹೇಳದೆ ಇರಲಾರೆ. ಮೊದಲು ರೋಸ್‌ವುಡ್ ಅಂತ ಬರುತ್ತಿತ್ತಲ್ಲ, ಅದರಲ್ಲಿ ಭಾರತದ್ದೆಂದರೆ ನಮ್ಮ ಮಲೆನಾಡಿನ ಬೀಟೆ ಮರ. 2017ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ರೋಸ್‌ವುಡ್ ಸಾಗಾಟಕ್ಕೆ ನಿಯಮ ಬಿಗಿಯಾಯಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರೊಳಗೆ ಅಗ್ಗದ ಗಿಟಾರ್‌ಗಳು ಬೇರೆ ಮರಕ್ಕೆ ಹೊರಳಿದ್ದವು. ಸ್ಕ್ವೈಯರ್‌ನ ವಿವರದಲ್ಲಿ 'ಇಂಡಿಯನ್ ಲಾರೆಲ್' ಅಂತ ಕಾಣುತ್ತದೆ. ಅದೇನೋ ಪರದೇಶದ್ದು ಅಂದುಕೊಂಡಿದ್ದೆ. ನೋಡಿದರೆ ನಮ್ಮ ಮತ್ತಿ ಮರ! ಮೊಸಳೆ ಚರ್ಮದ ಹಾಗೆ ತೊಗಟೆ ಇರುತ್ತದಲ್ಲ, ಅದೇ. ಬಣ್ಣ ಸ್ವಲ್ಪ ತಿಳಿ, ಅಷ್ಟೇ. ಅದಕ್ಕಾಗಿ ಮೂಗು ಮುರಿಯಬೇಕಿಲ್ಲ.

4. ಎಲ್ಲಿ ಹುಡುಕುವುದು

ಬಳೇಪೇಟೆಯ ವಾದ್ಯದ ಅಂಗಡಿಗಳು ತಬಲಾ, ವೀಣೆ, ಹಾರ್ಮೋನಿಯಂಗೆ ಹೆಸರುವಾಸಿ. ಎಲೆಕ್ಟ್ರಿಕ್ ಗಿಟಾರ್‌ಗೆ ನಿಂತು ನುಡಿಸಿ ನೋಡಲು ಬಿಡುವ ದೊಡ್ಡ ಮಳಿಗೆಗಳಿಗೆ ಹೋಗಿ. ವಾರದ ದಿನ, ಬೆಳಗ್ಗೆ. ಶನಿವಾರ ಸಂಜೆ ಹೋದರೆ ನಾಲ್ಕು ಜನ ಒಟ್ಟಿಗೆ ಆಂಪ್ ಹಚ್ಚಿಕೊಂಡಿರುತ್ತಾರೆ, ನಿಮ್ಮ ತಂತಿ ನಿಮಗೇ ಕೇಳುವುದಿಲ್ಲ. ಒಂದೇ ಮಾದರಿಯ ಎರಡು ಮೂರು ಪೀಸ್ ತರಿಸಿ ನೋಡಿ. ಒಂದೇ ಕಾರ್ಖಾನೆ, ಒಂದೇ ಬೆಲೆ, ಆದರೂ ಒಂದು ಕೈಗೆ ಕೂರುತ್ತದೆ, ಇನ್ನೊಂದು ಕೂರುವುದಿಲ್ಲ.

ನಿಜವಾದ ಹಬ್ಬ ಸೆಕೆಂಡ್ ಹ್ಯಾಂಡ್‌ನಲ್ಲಿದೆ. ಈ ಊರಿನಲ್ಲಿ ಲಾಕ್‌ಡೌನ್ ಕಾಲದಲ್ಲಿ ಆಸೆಯಿಂದ ಕೊಂಡು, ಮೂರು ತಿಂಗಳು ನುಡಿಸಿ, ಮಂಚದ ಕೆಳಗೆ ತಳ್ಳಿದ ಗಿಟಾರ್‌ಗಳಿಗೆ ಬರವಿಲ್ಲ. ಕೆಲಸ ಬದಲಾಯಿಸಿ ಊರು ಬಿಡುವವರು, ಮನೆ ಖಾಲಿ ಮಾಡುವವರು ತಿಂಗಳ ಕೊನೆಯ ವಾರ ಮಾರಲು ಹಾಕುತ್ತಾರೆ. ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು, ಎಲ್ಲ ಕಡೆ ಕಣ್ಣಿಡಿ. ಮುಂಗಡ ಮಾತ್ರ ಒಂದು ರೂಪಾಯಿಯೂ ಕಳಿಸಬೇಡಿ. ಆರ್ಮಿಯಲ್ಲಿದ್ದೇನೆ, ಅರ್ಜೆಂಟಾಗಿ ಟ್ರಾನ್ಸ್‌ಫರ್ ಆಗಿದೆ, ಕೊರಿಯರ್ ಮಾಡುತ್ತೇನೆ ಅನ್ನುವ ಕಥೆ ಬಂದರೆ ಫೋನ್ ಇಟ್ಟುಬಿಡಿ. 15,000ಕ್ಕೆ ಅಸಲಿ ಗಿಬ್ಸನ್ ಅನ್ನುವುದೂ ಇದೇ ಜಾತಿಯ ಕಥೆ.

5. ಕೈಗೆತ್ತಿಕೊಂಡ ಮೇಲೆ: 15 ನಿಮಿಷದ ಪರೀಕ್ಷೆ

ಇದು ಇಡೀ ವ್ಯವಹಾರದ ಜೀವ. ಜೊತೆಗೆ ಒಂದು ಸಣ್ಣ ಸ್ಟೀಲ್ ಸ್ಕೇಲು, ಫೋನಿನಲ್ಲಿ ಟ್ಯೂನರ್ ಆಪ್, ಒಂದು ಚಿಕ್ಕ ಸ್ಕ್ರೂಡ್ರೈವರ್, ಕೇಬಲ್ ಇರಲಿ. ಮೊದಲು ಶ್ರುತಿ ಮಾಡಿಕೊಳ್ಳಿ. ಶ್ರುತಿ ಇಲ್ಲದ ಗಿಟಾರ್‌ನ ನೆಕ್ ಬಗ್ಗೆ ಏನೂ ಹೇಳಲು ಬರುವುದಿಲ್ಲ, ಯಾಕೆಂದರೆ ನೆಕ್ ಬಾಗುವುದೇ ತಂತಿಯ ಎಳೆತಕ್ಕೆ.

ನೆಕ್: ದಪ್ಪ ತಂತಿಯನ್ನು ಎಡಗೈಯಲ್ಲಿ 1ನೇ ಫ್ರೆಟ್‌ನಲ್ಲೂ, ಬಲಗೈಯಲ್ಲಿ ನೆಕ್ ಬಾಡಿಗೆ ಸೇರುವ ಜಾಗದಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಈಗ ತಂತಿಯೇ ಅಳತೆಪಟ್ಟಿ. 8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಕಾಣಬೇಕು, ಹೆಚ್ಚೆಂದರೆ 0.3 ಮಿಲಿಮೀಟರ್. ಸಂದು ಇಲ್ಲವೇ ಇಲ್ಲ ಅಂದರೆ ನೆಕ್ ಹಿಂದಕ್ಕೆ ಬಾಗಿರಬಹುದು. 1 ಮಿಲಿಮೀಟರ್ ಕಂಡರೆ ಮುಂದಕ್ಕೆ ಜಾಸ್ತಿ ಬಾಗಿದೆ. ಎರಡನ್ನೂ ನೆಕ್ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡ್, ತಿರುಗಿಸಿ ಸಾಮಾನ್ಯವಾಗಿ ಸರಿ ಮಾಡಬಹುದು. ಸರಿ ಮಾಡಲಾಗದ್ದು ತಿರುಚು. ತಲೆ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ನೆಕ್‌ನ ಎರಡು ಅಂಚುಗಳು ರೈಲು ಹಳಿಯ ಹಾಗೆ ಸಮವಾಗಿ ಹೋಗಬೇಕು. ಒಂದು ಅಂಚು ಏರಿ ಇನ್ನೊಂದು ಇಳಿದಿದ್ದರೆ ಗಿಟಾರ್ ಕೆಳಗಿಟ್ಟು, ಕೊಟ್ಟ ಕಾಫಿ ಕುಡಿದು, ಹೊರಡಿ.

ಫ್ರೆಟ್: 6 ತಂತಿ, 22 ಫ್ರೆಟ್ ಇದ್ದರೆ ಒಟ್ಟು 132 ಜಾಗ. ಒಂದೊಂದನ್ನೂ ಒತ್ತಿ ಮೀಟಿ. ಹೌದು, ಎಲ್ಲವನ್ನೂ. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಎಲ್ಲಾ ಕಡೆ ಸಣ್ಣಗೆ ಝರ್ ಅಂದರೆ ಸೆಟಪ್‌ನಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ನಾದ ಸತ್ತುಹೋದರೆ ಅದರ ಮುಂದಿನ ಫ್ರೆಟ್ ಎದ್ದಿದೆ ಅಂತ ಅರ್ಥ. ಆಮೇಲೆ ಸಣ್ಣ ತಂತಿಗಳನ್ನು 12ರಿಂದ 17ನೇ ಫ್ರೆಟ್‌ವರೆಗೆ ಮೇಲಕ್ಕೆ ಎಳೆದು ನೋಡಿ, ಗಮಕಕ್ಕೆ ಎಳೆದ ಹಾಗೆ. ಎಳೆಯುತ್ತಾ ನಾದ ಉಸಿರು ಕಟ್ಟಿದಂತೆ ನಿಂತರೆ ದೋಷವಿದೆ. ಕೊನೆಗೆ 1ರಿಂದ 5ನೇ ಫ್ರೆಟ್‌ವರೆಗೆ ಸಣ್ಣ ತಂತಿಗಳ ಕೆಳಗೆ ಗುಳಿ ಬಿದ್ದಿದೆಯೇ ನೋಡಿ. ವೀಣೆಯಲ್ಲಾದರೆ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಮತ್ತೆ ಮೇಳ ಕಟ್ಟಿಸಬಹುದು. ಗಿಟಾರ್‌ನಲ್ಲಿ ಫ್ರೆಟ್ ಮರದೊಳಗೇ ಬಡಿದಿರುತ್ತದೆ. ಎಲ್ಲ ಕಿತ್ತು ಹೊಸದು ಹಾಕಿಸುವ ಖರ್ಚು ಈ ಬೆಲೆಯ ಗಿಟಾರ್‌ಗೆ ಗಿಟ್ಟುವುದಿಲ್ಲ.

ಎತ್ತರ: 12ನೇ ಫ್ರೆಟ್ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ದಪ್ಪ ತಂತಿ 2 ಮಿಲಿಮೀಟರ್, ಸಣ್ಣದು 1.5 ಆಸುಪಾಸು ಇದ್ದರೆ ಚೆನ್ನ. ಜಾಸ್ತಿ ಇದ್ದರೆ ಗಾಬರಿ ಬೇಡ, ಬ್ರಿಡ್ಜ್‌ನಲ್ಲಿ ಇಳಿಸಲು ಇನ್ನೂ ಸ್ಕ್ರೂ ಉಳಿದಿದೆಯೇ ನೋಡಿ.

ನಟ್: ತಲೆಯ ಹತ್ತಿರ ತಂತಿಗಳು ಕೂರುವ ಬಿಳಿ ಪಟ್ಟಿ ಇದು. ಅಗ್ಗದ ಗಿಟಾರ್‌ಗಳಲ್ಲಿ ಇದರ ಕಚ್ಚುಗಳನ್ನು ಸಾಕಷ್ಟು ಆಳವಾಗಿ ಕೊರೆದಿರುವುದಿಲ್ಲ. ಹಾಗಾದಾಗ ಮೊದಲ ಫ್ರೆಟ್ ಒತ್ತಲು ಶಕ್ತಿ ಬೇಕು, ಒತ್ತಿದರೆ ಸ್ವರ ಏರಿಹೋಗುತ್ತದೆ. ನನ್ನ ಕೆಂಪು ಗಿಟಾರ್‌ನ ಎರಡನೇ ಕಾಯಿಲೆ ಇದೇ. ತಿಳಿದವರ ಕೈಯಲ್ಲಿ ಇದು ಅರ್ಧ ಗಂಟೆಯ ಕೆಲಸ. ಶ್ರುತಿ ಮಾಡುವಾಗ ನಟ್‌ನಿಂದ 'ಟಿಣ್' ಅಂತ ಸದ್ದು ಬಂದರೆ ತಂತಿ ಸಿಕ್ಕಿಕೊಳ್ಳುತ್ತಿದೆ. ಕಚ್ಚಿನೊಳಗೆ ಪೆನ್ಸಿಲ್ ತುದಿ ನಾಲ್ಕು ಸಲ ಉಜ್ಜಿದರೆ ಸಾಕು, ಸಲೀಸಾಗಿ ಜಾರುತ್ತದೆ.

12ನೇ ಫ್ರೆಟ್ ಪರೀಕ್ಷೆ: ತಂತಿಯನ್ನು 12ನೇ ಫ್ರೆಟ್ ಮೇಲೆ ಸುಮ್ನೆ ಮುಟ್ಟಿ ಮೀಟಿದಾಗ ಬರುವ ಸ್ವರವೂ ಒತ್ತಿ ಮೀಟಿದಾಗ ಬರುವ ಸ್ವರವೂ ಟ್ಯೂನರ್‌ನಲ್ಲಿ ಒಂದೇ ಆಗಿರಬೇಕು. ತಂತಿ ತುಕ್ಕು ಹಿಡಿದಿದ್ದರೆ ಈ ಪರೀಕ್ಷೆ ನಂಬಬೇಡಿ. ಹಳೇ ತಂತಿ ಸುಳ್ಳು ಹೇಳುತ್ತದೆ.

6. ಪ್ಲಗ್ ಹಾಕಿ ಕೇಳಿ

ಸ್ವಿಚ್‌ನ ಎಲ್ಲ ಸ್ಥಾನಗಳಲ್ಲೂ ಸದ್ದು ಬರಬೇಕು. ಸದ್ದು ಕಡಿಮೆ ಇಟ್ಟುಕೊಂಡು ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದು ಪಿಕಪ್ ಮೇಲೂ ಮೆಲ್ಲಗೆ ತಟ್ಟಿ. 'ಟಕ್' ಅಂತ ಕೇಳಿದರೆ ಅದು ಬದುಕಿದೆ. ವಾಲ್ಯೂಮ್ ತಿರುಗಿಸುವಾಗ ಚರಚರ ಅಂದರೆ ಒಳಗೆ ಧೂಳು. ಕೇಬಲ್ ಅಲ್ಲಾಡಿಸಿದರೆ ಸದ್ದು ಹೋಗಿ ಬಂದರೆ ಜ್ಯಾಕ್ ಸಡಿಲ. ಎರಡೂ ಸಣ್ಣ ರಿಪೇರಿ.

ಗುಂಯ್ ಅನ್ನುವ ಸದ್ದಿಗೆ ಒಂದು ಪರೀಕ್ಷೆ. ತಂತಿ ಮುಟ್ಟಿದಾಗ ಅದು ಕಡಿಮೆಯಾದರೆ ಸರಿಯಿದೆ. ಮುಟ್ಟಿದರೆ ಜಾಸ್ತಿಯಾದರೆ, ಅಥವಾ ಏನೂ ಬದಲಾಗದಿದ್ದರೆ, ಬ್ರಿಡ್ಜ್‌ಗೆ ಹೋಗುವ ಅರ್ಥಿಂಗ್ ವೈರ್ ಕಳಚಿರಬಹುದು. ಹಳೇ ಮನೆಗಳಲ್ಲಿ ಗೋಡೆಯ ಪಾಯಿಂಟಿನಲ್ಲೇ ಅರ್ಥಿಂಗ್ ಇರುವುದಿಲ್ಲ. ಗಿಟಾರ್ ಮೇಲೆ ತಪ್ಪು ಹೊರಿಸುವ ಮುಂಚೆ ಬೇರೆ ಪಾಯಿಂಟ್‌ನಲ್ಲಿ ನೋಡಿ. ಬ್ಯಾಟರಿಯ ಹೆಡ್‌ಫೋನ್ ಆಂಪ್ ಇದ್ದರೆ ಈ ತಲೆನೋವು ಕಡಿಮೆ.

7. ಒಪ್ಪುವುದು, ಬಿಡುವುದು, ಚೌಕಾಸಿ

ಬಿಟಿಎಂ ಲೇಔಟ್‌ನ ಒಂದು ಪಿಜಿ, ಮೂರನೇ ಮಹಡಿ. ಹುಡುಗ ಪುಣೆಗೆ ಹೊರಟಿದ್ದ. ಮಂಚದ ಕೆಳಗಿನಿಂದ ಬ್ಯಾಗ್ ಎಳೆದ, ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಧೂಳು. ಒಳಗೆ ನೀಲಿ ಪೆಸಿಫಿಕಾ. ತಂತಿಗಳು ಕಂದು ತಿರುಗಿ ಬೆರಳಿಗೆ ತುಕ್ಕು ಅಂಟುತ್ತಿತ್ತು. ಜ್ಯಾಕ್ ಸಡಿಲ, ವಾಲ್ಯೂಮ್ ಚರಚರ. ಕೆಳ ಅಂಚಿನಲ್ಲಿ ಉಗುರಿನಷ್ಟು ಪೇಂಟ್ ಹಾರಿತ್ತು. ನೋಡಿದವರು ಯಾರೂ ಬೇಡ ಅನ್ನಬೇಕು. ಆದರೆ ನೆಕ್ ರೈಲು ಹಳಿಯ ಹಾಗೆ ನೆಟ್ಟಗೆ. ಫ್ರೆಟ್‌ನಲ್ಲಿ ಒಂದು ಗೆರೆಯೂ ಇಲ್ಲ, ಯಾಕೆಂದರೆ ಪುಣ್ಯಾತ್ಮ ನುಡಿಸಿಯೇ ಇರಲಿಲ್ಲ!

"ಬ್ರೋ, ಲಾಸ್ಟ್ ಎಷ್ಟು?"

"14 ಹೇಳಿದ್ನಲ್ಲ ಬ್ರೋ."

ನಾನು ಬೆಲೆ ಕಡಿಮೆ ಮಾಡಿ ಅನ್ನಲಿಲ್ಲ. ಕೇಬಲ್ ಅಲ್ಲಾಡಿಸಿ ಸದ್ದು ಹೋಗುವುದನ್ನು ಕೇಳಿಸಿದೆ. ತುಕ್ಕಿನ ಬೆರಳು ತೋರಿಸಿದೆ. ಹೊಸ ತಂತಿ, ಜ್ಯಾಕ್, ಸೆಟಪ್ ಅಂತ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 11,000ಕ್ಕೆ ಮುಗಿಯಿತು.

ಅಂದರೆ ಧೂಳು, ತುಕ್ಕು, ಚರಚರ, ಗೀರು, ಎತ್ತರದ ತಂತಿ ಇವೆಲ್ಲ ನಿಮ್ಮ ಕಡೆಯ ವಕೀಲರು. ತಿರುಚಿದ ನೆಕ್, ತಿರುಗದ ಟ್ರಸ್ ರಾಡ್, ಗುಳಿ ಬಿದ್ದ ಫ್ರೆಟ್ ಇದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಲೆಸ್ ಪಾಲ್ ಬಗೆಯದಾದರೆ ನಟ್‌ನ ಹಿಂಭಾಗ ಬೆಳಕಿಗೆ ಹಿಡಿದು ನೋಡಿ. ತಲೆ ಹಿಂದಕ್ಕೆ ವಾಲಿರುವುದರಿಂದ ಬಿದ್ದರೆ ಅಲ್ಲೇ ಸೀಳುವುದು. ಪೇಂಟಿನ ಮೇಲೆ ಕೂದಲಿನಂಥ ಗೆರೆ ಕಂಡರೆ ಬಿಟ್ಟುಬಿಡಿ.

8. ಮನೆಗೆ ತಂದ ಮೇಲೆ

ಹೊಸ ತಂತಿ ಹಾಕಿ. ಶುರು ಮಾಡುವವರಿಗೆ 9ರಿಂದ 42ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ) ಮೃದು. ಆಮೇಲೆ ಸೆಟಪ್‌ಗೆ ಕೊಡಿ. ನಾನು ಆ ನೀಲಿಗೆ ಕೊಟ್ಟಿದ್ದು 1,200. ರಿಪೇರಿಯವರಿಗೆ ಸುಮ್ನೆ 'ಸೆಟಪ್ ಮಾಡಿ' ಅನ್ನಬೇಡಿ. ಯಾವ ತಂತಿ, ಯಾವ ಶ್ರುತಿ, ಮೆತ್ತಗೆ ನುಡಿಸುತ್ತೀರೋ ಜೋರಾಗಿಯೋ ಹೇಳಿ. ನಟ್ ಕಚ್ಚು ನೋಡಲು ಮರೆಯದೆ ಹೇಳಿ.

ಜ್ಯಾಕ್, ಪಾಟ್ (ವಾಲ್ಯೂಮ್ ತಿರುಗಿಸುವ ಗುಂಡಿಯ ಕೆಳಗಿನ ಭಾಗ) ಬೇಕಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌.ಪಿ. ರೋಡ್ ಇದೆಯಲ್ಲ. ಹಳೆಯದನ್ನು ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋಗಿ, ಕಾಂಡದ ದಪ್ಪ, ಉದ್ದ ಹೋಲಿಸಿ ಕೊಳ್ಳಿ. ಸಿಂಗಲ್ ಕಾಯಿಲ್ ಇದ್ದರೆ ಪಾಟ್ ಸಾಮಾನ್ಯವಾಗಿ 250ಕೆ (ಕಿಲೋ ಓಮ್), ಹಂಬಕರ್‌ಗೆ 500ಕೆ. ಬದಲಾಯಿಸುವ ಮುಂಚೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಹತ್ತಿಪ್ಪತ್ತು ಸಲ ತಿರುಗಿಸಿ. ನನ್ನ ನೀಲಿಗೆ ಅಷ್ಟೇ ಸಾಕಾಯಿತು.

ಟ್ರಸ್ ರಾಡ್ ನೀವೇ ತಿರುಗಿಸುವುದಾದರೆ ಒಮ್ಮೆಗೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಬಿಗಿ ಮಾಡಿದರೆ ಮುಂದಿನ ಬಾಗು ಕಡಿಮೆಯಾಗುತ್ತದೆ. ತಿರುಗಿಸಿ, ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಗಟ್ಟಿಯಾಗಿ ಸಿಕ್ಕಿಕೊಂಡರೆ ಬಲ ಹಾಕಬೇಡಿ.

ಇನ್ನೊಂದು, ಬೆಂಗಳೂರಿನ ಹವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗಾಳಿ ಒಣಗಿದಾಗ ಫ್ರೆಟ್‌ಬೋರ್ಡ್ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಮಾರ್ಚ್‌ನಲ್ಲಿ ಒಂದು ದಿನ ನೆಕ್ ಅಂಚಿನ ಮೇಲೆ ಬೆರಳು ಜಾರಿಸಿದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತದೆ. ಮಳೆ ಬಂದು ಗಾಳಿಯಲ್ಲಿ ತೇವ ಏರಿದ ಮೇಲೆ ಒಮ್ಮೊಮ್ಮೆ ತಾನೇ ಕಡಿಮೆಯಾಗುತ್ತದೆ. ಆಗದಿದ್ದರೆ ಮರಕ್ಕೆ ಪೇಪರ್ ಟೇಪ್ ಅಂಟಿಸಿ, ಸಣ್ಣ ಅರದಿಂದ ಒಂದೊಂದು ತುದಿಗೂ ಮೂರು ಸಲ, ಒಂದೇ ದಿಕ್ಕಿನಲ್ಲಿ ಉಜ್ಜಿ. 22 ಫ್ರೆಟ್, 44 ತುದಿ. ಒಂದು ಭಾನುವಾರ ಮಧ್ಯಾಹ್ನದ ಕೆಲಸ.